ಚಿಕ್ಕಪ್ಪ, ಮೀಟರ್ ಬಿಚ್ಚುವ ಮುಂಚೆ ಅರ್ಥಿಂಗ್ ನೋಡಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ಎರಡು ಸಲ ಕೇಳಿದೆ. ಹಳೇ ಮೋಟಾರು ದೋಣಿ, ಆರ್‌ಪಿಎಂ ಮುಳ್ಳು ಕುಣಿಯುತ್ತೆ, ದೀಪ ಹಾಕಿದ ಕೂಡಲೇ ಎಲ್ಲಾ ಮುಳ್ಳುಗಳೂ ಜರುಗುತ್ತವೆ, ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮೀಟರ್ ಖಾಲಿ ಅಂತಲೇ ತೋರಿಸುತ್ತೆ. ಅದಕ್ಕೆ ಆರ್‌ಪಿಎಂ, ಎಂಜಿನ್ ಬಿಸಿ, ಪೆಟ್ರೋಲ್ ಮೂರೂ ಮೀಟರ್ ಬದಲಾಯಿಸೋಣ ಅಂದಿರಿ. ದಯವಿಟ್ಟು ಬೇಡ. ಮೂರು ಮೀಟರ್ ಒಟ್ಟಿಗೆ ಕೆಡೋದು ತೀರಾ ಅಪರೂಪ. ಮೂರಕ್ಕೂ ಸೇರಿದ ಒಂದು ವೈರ್ ಕೆಟ್ಟಿರುತ್ತೆ, ಅದು ಹೆಚ್ಚಾಗಿ ಅರ್ಥಿಂಗ್ ವೈರೇ, ಅಂದರೆ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ಕಪ್ಪು ವೈರ್.

ಹೀಗೆ ಮಾಡಿ. ಕೀ ಆನ್ ಮಾಡಿ, ದೀಪಗಳನ್ನೂ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಮೀಟರಿನ ಹಿಂದೆ ಕಪ್ಪು ವೈರ್ ಕೂತಿರುವ ನಟ್ಟಿಗೆ. ಸೊನ್ನೆಯ ಹತ್ತಿರ ಬರಬೇಕು. ನಮ್ಮ ದೋಣಿಯಲ್ಲಿ ಒಂದೂವರೆ ವೋಲ್ಟ್ ಬಂದಿತ್ತು! ಹೊರಗಿಂದ ನೋಡಿದರೆ ವೈರ್ ಚೆನ್ನಾಗೇ ಇತ್ತು. ತುದಿಯ ಪ್ಲಾಸ್ಟಿಕ್ ಸುಲಿದಾಗ ಒಳಗೆ ಹಸಿರು ಕಿಲುಬು, ಎಳೆಗಳು ಕಪ್ಪಾಗಿ ಬೆರಳಿಗೆ ಪುಡಿಪುಡಿಯಾಗಿ ಬಂದವು. ತಾಮ್ರ ಹೊಳೆಯೋ ತನಕ ಕತ್ತರಿಸುತ್ತಾ ಹೋದರೆ ಒಂದು ಗೇಣು ಹೋಯಿತು. ಹೊಸ ತುಂಡು ಸೇರಿಸಿದ ಮೇಲೆ ಮುಳ್ಳುಗಳು ಅಲುಗಾಡಲಿಲ್ಲ. ಅಲ್ಲಿ ಸರಿಯಿದ್ದರೆ ಎಂಜಿನ್ ಹತ್ತಿರ ವೈರುಗಳೆಲ್ಲ ಸೇರುವ ದೊಡ್ಡ ಪ್ಲಗ್ ಎಳೆದು, ಒಳಗಿನ ಪಿನ್ನುಗಳನ್ನು ನೋಡಿ. ಕೀಯಿಂದ ಬರುವ ನೇರಳೆ ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇದೆಯಾ ಅಂತಲೂ ನೋಡಿಬಿಡಿ.

ಪೆಟ್ರೋಲ್ ಮೀಟರ್ ಮಾತ್ರ ಬೇರೆ ಕಥೆ. ಅದರ ಹಿಂದೆ ಎಸ್ ಅಂತ ಬರೆದಿರುವ ಕಡೆ ಸಾಮಾನ್ಯವಾಗಿ ಗುಲಾಬಿ ವೈರ್ ಇರುತ್ತೆ. ಕೀ ಆನ್ ಇಟ್ಟು, ಆ ಎಸ್ಸಿಗೂ ಅರ್ಥಿಂಗಿಗೂ ಒಂದು ತುಂಡು ವೈರ್ ಮುಟ್ಟಿಸಿ. ಮುಳ್ಳು ತುಂಬಿದ ಕಡೆಗೆ ಹೋದರೆ ಮೀಟರ್ ಚೆನ್ನಾಗಿದೆ, ತಪ್ಪಿರೋದು ವೈರಿನಲ್ಲೋ ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿನಲ್ಲೋ. ಇದು ಅಮೆರಿಕದ ಮಾದರಿಗೆ: ಟ್ಯಾಂಕ್ ಖಾಲಿ ಇದ್ದಾಗ ಫ್ಲೋಟಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 240 ಓಮ್, ತುಂಬಿದಾಗ 33. ಯುರೋಪಿನದು ಉಲ್ಟಾ, ಖಾಲಿಗೆ 10, ತುಂಬಿದರೆ 180. ಅದರಲ್ಲಿ ಎಸ್ ವೈರ್ ಬಿಚ್ಚಿದಾಗ ಮುಳ್ಳು ಮೇಲೆ ಹೋಗಬೇಕು. ಹೊಸ ಫ್ಲೋಟ್ ತರೋದಾದರೆ ಮೀಟರಿಗೆ ಹೊಂದೋದನ್ನೇ ತನ್ನಿ.

ಒಂದು ಮಾತು ಮರೀಬೇಡಿ ಚಿಕ್ಕಪ್ಪ. ಈ ಮುಟ್ಟಿಸೋ ಕೆಲಸ ಮೀಟರಿನ ಹಿಂದೆ ಮಾತ್ರ, ಟ್ಯಾಂಕಿನ ಮೇಲೆ ಖಂಡಿತ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂತಿರುತ್ತೆ. ಒಂದು ಕಿಡಿ ಸಾಕು. ಎಂಜಿನ್ ಮೇಲಿನ ಮುಚ್ಚಳ ತೆಗೆದು, ಆವಿ ಹೊರಗೆ ತಳ್ಳುವ ಬ್ಲೋವರ್ ಫ್ಯಾನ್ ಕಡಿಮೆ ಅಂದರೂ 4 ನಿಮಿಷ ಓಡಿಸಿ, ಮೂಗಿಗೆ ವಾಸನೆ ಬಂದರೆ ಕೆಲಸವನ್ನೇ ಶುರು ಮಾಡಬೇಡಿ.

ಇದೆಲ್ಲ ಸರಿಯಾಗೋವರೆಗೂ ಎಂಜಿನ್ ಬಿಸಿ ತೋರಿಸುವ ಮುಳ್ಳನ್ನು ನಂಬಿ ದೂರ ಹೋಗಬೇಡಿ. ಮೊದಲು ಆ ಅರ್ಥಿಂಗ್ ರೀಡಿಂಗ್ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.