ಎಲ್‌ಎಂ25 ಬ್ರಾಕೆಟ್‌ಗೆ ಯಾವ ಫೆಟೀಗ್ ನಂಬರ್ ಹಿಡಿಯಬೇಕು?

ಪ್ರಶ್ನೆ: ನಮಸ್ಕಾರ ಸರ್. ಪಂಪ್ ಕೂರಿಸುವ ಬ್ರಾಕೆಟ್ ಡಿಸೈನ್ ಮಾಡುತ್ತಿದ್ದೇನೆ. ಎಲ್‌ಎಂ25 ಅಲ್ಯೂಮಿನಿಯಂ ಅಲಾಯ್, ಗ್ರಾವಿಟಿ ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಲೋಹದ ಅಚ್ಚಿಗೆ ಸುರಿಯುವುದು), ಟಿ6 ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗಟ್ಟಿ ಮಾಡುವುದು). ಫೌಂಡ್ರಿಯವರ ಸರ್ಟಿಫಿಕೇಟ್‌ನಲ್ಲಿ ಟೆನ್ಸೈಲ್ (ಎಳೆತ ತಡೆಯುವ ಶಕ್ತಿ), ಹಾರ್ಡ್‌ನೆಸ್ ಇದೆ, ಫೆಟೀಗ್ (ಮತ್ತೆ ಮತ್ತೆ ಬೀಳುವ ಭಾರ ತಡೆಯುವ ಶಕ್ತಿ) ಇಲ್ಲ. ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ 60 ಎಂಪಿಎ, ಇನ್ನೊಂದು ಕಡೆ 90, ಮತ್ತೊಂದು ಕಡೆ 138. ಯಾವುದನ್ನು ನಂಬಲಿ?

ಉತ್ತರ: ಮೂರೂ ಸರಿಯೇ, ಆದರೆ ಮೂರೂ ಬೇರೆ ಬೇರೆ ಸರಕು. 60 ಅಂದರೆ ಮರಳಿನ ಅಚ್ಚಿನಲ್ಲಿ ಎರೆದ 356-ಟಿ6 ಅಲ್ಯೂಮಿನಿಯಂ ಅಲಾಯ್. ಅದನ್ನೇ ಲೋಹದ ಅಚ್ಚಿನಲ್ಲಿ ಎರೆದರೆ 90. ಇನ್ನು 138 ಇರುವುದು ಎ380 ಅನ್ನುವ ಬೇರೆ ಅಲಾಯ್‌ಗೆ, ಅದು ಪ್ರೆಷರ್ ಡೈ ಕಾಸ್ಟಿಂಗ್ (ಒತ್ತಡದಿಂದ ಅಚ್ಚಿಗೆ ತುಂಬುವುದು). ಅದನ್ನು ಮರೆತುಬಿಡಿ. ಎಲ್‌ಎಂ25ಗೆ ಹತ್ತಿರದ್ದು ಎ356 (356ರದ್ದೇ ಹೆಚ್ಚು ಶುದ್ಧ ರೂಪ), ನಿಮ್ಮದೂ ಲೋಹದ ಅಚ್ಚು, ಹಾಗಾಗಿ ನೀವು ನೋಡಬೇಕಾದ್ದು 90ರ ಸಾಲು.

ಹಾಗಂತ 90 ಅನ್ನು ನೇರ ಲೆಕ್ಕಕ್ಕೆ ಹಾಕಬೇಡಿ. ಅದು ಪಾಲಿಶ್ ಮಾಡಿದ ಸಣ್ಣ ಸರಳನ್ನು ಬಾಗಿಸಿ ತಿರುಗಿಸಿ, 50 ಕೋಟಿ ಸೈಕಲ್‌ಗೆ ತೆಗೆದ ಅಂಕಿ. ಮೀನ್ ಸ್ಟ್ರೆಸ್ (ಸದಾ ಇರುವ ಸರಾಸರಿ ಒತ್ತಡ) ಸೊನ್ನೆ. ನಿಮ್ಮ ಬ್ರಾಕೆಟ್ ಮೇಲೆ ಪಂಪಿನ ಭಾರ, ಬೋಲ್ಟ್ ಬಿಗಿತ ಎರಡೂ ಇವೆ ಅಲ್ವಾ? ಆ ಸರಾಸರಿ ಒತ್ತಡಕ್ಕೆ ತಕ್ಕಂತೆ ಅಂಕಿಯನ್ನು ಇಳಿಸುವ ಗುಡ್‌ಮನ್ ತಿದ್ದುಪಡಿ ಬೇಕೇ ಬೇಕು. ಉಕ್ಕಿನ ಹಾಗೆ ಇಲ್ಲಿ ಸ್ಟ್ರೆಸ್-ಸೈಕಲ್ ಗ್ರಾಫಿನ ಗೆರೆ ಒಂದು ಕಡೆ ಮಟ್ಟಸವಾಗಿ ನಿಲ್ಲುವುದೂ ಇಲ್ಲ. ಎಷ್ಟು ಸೈಕಲ್‌ಗೆ ಅಂತ ಹೇಳದ ಅಂಕಿಯನ್ನು ಪಕ್ಕಕ್ಕಿಡಿ.

ಡೇಟಾಗೆ ಎಎಸ್‌ಎಂ ಹ್ಯಾಂಡ್‌ಬುಕ್‌ನ 19ನೇ ಸಂಪುಟ ನೋಡಿ, ಅದು ಪೂರ್ತಿ ಫೆಟೀಗ್ ಮತ್ತು ಫ್ರ್ಯಾಕ್ಚರ್‌ಗೇ ಮೀಸಲು. ಸದ್ಯಕ್ಕೆ ಒಂದು ಅಂದಾಜು ಸಾಕು ಅಂದರೆ ಜರ್ಮನಿಯ ಎಫ್‌ಕೆಎಂ ಮಾರ್ಗಸೂಚಿ ಟೆನ್ಸೈಲ್‌ನ 0.3 ಪಾಲು ಹಿಡಿಯುತ್ತದೆ. ಅದು 10 ಲಕ್ಷ ಸೈಕಲ್‌ಗೆ. ಮುಂದಕ್ಕೆ ಇನ್ನೂ ಇಳಿಯುತ್ತದೆ.

ಆದರೆ ನಿಮ್ಮ ಬ್ರಾಕೆಟ್ ಎಷ್ಟು ದಿನ ಬಾಳುತ್ತದೆ ಅನ್ನುವುದನ್ನು ಅಲಾಯ್‌ಗಿಂತ ಜಾಸ್ತಿ ನಿರ್ಧರಿಸುವುದು ಒಳಗಿನ ತೂತು. ಬಿರುಕು ಹೆಚ್ಚಾಗಿ ಹುಟ್ಟುವುದು ಪೊರಾಸಿಟಿಯಿಂದ, ಇಲ್ಲವೇ ಎರೆಯುವಾಗ ಮಡಚಿಕೊಂಡ ಆಕ್ಸೈಡ್ ಪದರದಿಂದ. ಲೋಹದ ಅಚ್ಚಿನಲ್ಲಿ ಬೇಗ ತಣಿಯುತ್ತದೆ, ಡೆಂಡ್ರೈಟ್‌ಗಳು (ಲೋಹ ಗಟ್ಟಿಯಾಗುವಾಗ ಕೊಂಬೆಯಂತೆ ಬೆಳೆಯುವ ಹರಳುಗಳು) ಸಣ್ಣವು, ತೂತೂ ಸಣ್ಣದು. 60 ಮತ್ತು 90ರ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರದ್ದೇ. ಸರ್ಟಿಫಿಕೇಟ್‌ನ ಟೆನ್ಸೈಲ್ ಇದನ್ನು ತೋರಿಸುವುದಿಲ್ಲ. ಎಷ್ಟೋ ಸಲ ಆ ಟೆಸ್ಟ್ ಬಾರ್ ಬೇರೆಯಾಗಿ ಎರೆದದ್ದು. ಬ್ರಾಕೆಟ್‌ನ ದಪ್ಪ ಮೂಲೆ ಸಾಮಾನ್ಯವಾಗಿ ಅದರಷ್ಟು ಚೆನ್ನಾಗಿರುವುದಿಲ್ಲ.

ಪ್ರಶ್ನೆ: ಅರ್ಥವಾಯಿತು ಸರ್. ಹಾಗಾದರೆ ಬ್ರಾಕೆಟ್‌ನಿಂದಲೇ ಸ್ಯಾಂಪಲ್ ಕತ್ತರಿಸಿ ಟೆಸ್ಟ್ ಮಾಡಿಸೋಣವೇ? ನಮ್ಮ ಮ್ಯಾನೇಜರ್ ಮೂರು ಸಾಕು ಅನ್ನುತ್ತಾರೆ.

ಉತ್ತರ: ಕತ್ತರಿಸುವುದು ಸರಿ. ಪಕ್ಕೆಲುಬು ಬುಡಕ್ಕೆ ಸೇರುವ ದಪ್ಪ ಜಾಗದಿಂದಲೇ ತೆಗೆಯಿರಿ. ಮೂರು ಮಾತ್ರ ಸಾಲದು. ಫೆಟೀಗ್ ಡೇಟಾ ವಿಶ್ಲೇಷಣೆಯ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಇ739 ಪ್ರಕಾರ ಸುಮ್ನೆ ಒಂದು ಅಂದಾಜಿಗೇ 6ರಿಂದ 12 ಬೇಕು, ಡಿಸೈನ್ ಅಂಕಿ ಬೇಕಾದರೆ 12ರಿಂದ 24. ಕಾಸ್ಟಿಂಗ್‌ನಲ್ಲಿ ಸ್ಕ್ಯಾಟರ್ (ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ವ್ಯತ್ಯಾಸ) ಜಾಸ್ತಿ, ಹಾಗಾಗಿ ಇದರಲ್ಲಿ ಜಿಪುಣತನ ಬೇಡ. ಮುರಿದ ಮುಖಗಳನ್ನು ಎಸೆಯಬೇಡಿ. ಬಿರುಕು ಯಾವ ತೂತಿನಿಂದ ಶುರುವಾಯಿತು, ಅದರ ಅಳತೆ ಎಷ್ಟು ಅಂತ ಮೈಕ್ರೋಸ್ಕೋಪ್‌ನಲ್ಲಿ ಬರೆದಿಟ್ಟುಕೊಳ್ಳಿ.

ಒಂದು ಮಾತು ಕೇಳಬೇಕಿತ್ತು. ಆ ಮೂಲೆಯ ಫಿಲೆಟ್ (ದುಂಡಗಿನ ತಿರುವು) ಅನ್ನು ಮೆಷಿನಿಂಗ್ ಮಾಡುತ್ತೀರಾ? ಮಾಡಿದರೆ ಒಳಗೆ ಇದ್ದ ತೂತು ಮೇಲ್ಮೈಗೆ ಬರುತ್ತದೆ, ಮೇಲ್ಮೈ ತೂತು ಒಳಗಿನದಕ್ಕಿಂತ ಅಪಾಯ. ಸಾಧ್ಯವಾದರೆ ಎರಕದ ಚರ್ಮ ಹಾಗೇ ಬಿಡಿ. ಎಕ್ಸ್‌ರೇ ತೆಗೆಸಿದ್ದರೆ ಇಲ್ಲಿ ಹಾಕಿ, ನೋಡೋಣ.