ಮಂಡಿ ನೋವಿರುವ ಅಪ್ಪನಿಗೆ ಮಂಗಟ್ಟೆ ತೋರಿಸಬೇಕು, ತಾಂಬ್ಡಿ ಸುರ್ಲಾಗೆ ಹೋದವರು ಹೇಳಿ

ನಾವು ಗೋವಾದ ವಾಸ್ಕೋದಲ್ಲಿದ್ದೇವೆ. ಫೆಬ್ರವರಿಯಲ್ಲಿ ಅಪ್ಪ ಹಾವೇರಿಯಿಂದ ಬರುತ್ತಾರೆ. 66 ವರ್ಷ, ಮಂಡಿ ನೋವಿದೆ. ಕಾಡಿನಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಇಲ್ಲಿನ ತಾಂಬ್ಡಿ ಸುರ್ಲಾದ ಘಟ್ಟದ ದಾರಿ ಅವರಿಂದ ಆಗುತ್ತದಾ?

*

ಅಕ್ಕ, ಖಂಡಿತ ಆಗುತ್ತದೆ. ಆದರೆ ಅವರನ್ನು ನಡೆಸಬೇಡಿ, ಕೂರಿಸಿ. ನಾನು ಪೊಂಡಾದಿಂದ ಆರು ವರ್ಷದಿಂದ ಹೋಗುತ್ತಿದ್ದೇನೆ. ಮೊದಲೆರಡು ವರ್ಷ ಮಧ್ಯಾಹ್ನದವರೆಗೂ ಸುಮ್ನೆ ನಡೆದೆ, ಕಂಡದ್ದು ಪಿಕಳಾರ, ಹರಟೆಮಲ್ಲ ಅಷ್ಟೇ. ಒಂದು ದಿನ ಕಾಲು ಉಳುಕಿ ಮಹಾದೇವ ದೇವಸ್ಥಾನದ ಹತ್ತಿರ ಹೊಳೆ ದಂಡೆಯಲ್ಲಿ ಕೂತುಬಿಟ್ಟೆ. (ಕದಂಬರ ಕಾಲದ ಕಲ್ಲಿನ ಗುಡಿ, ಅಪ್ಪನಿಗೆ ಅದನ್ನೂ ತೋರಿಸಿ.) ಅರ್ಧ ಗಂಟೆಗೆ ಭೀಮರಾಜ ಹಕ್ಕಿಯ ಕೂಗು ಕೇಳಿತು, ಹಿಂದೆಯೇ ಮರಕುಟಿಗ, ಬಾಲದಂಡೆ, ಸಣ್ಣಪುಟ್ಟ ಹಕ್ಕಿಗಳ ದೊಡ್ಡ ದಂಡೇ ಬಂತು, ಅವೆಲ್ಲ ಒಟ್ಟಿಗೆ ಹುಳ ಹಿಡಿಯುತ್ತಾ ಸಾಗುತ್ತವೆ ಅಲ್ವಾ, ಅದರ ಕೊನೆಯಲ್ಲಿ ಒಂದು ಗಂಡು ಕಾಕರಣೆ ಹಕ್ಕಿ (ಟ್ರೋಗನ್) ಬಂದು ನನ್ನೆದುರಿನ ಕೊಂಬೆ ಮೇಲೆ ಕೂತಿತು. ಕೆಂಪು ಹೊಟ್ಟೆ, ಎದೆಗೆ ಬಿಳಿ ಪಟ್ಟಿ. ಐದು ನಿಮಿಷ ಅಲುಗಾಡಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಆವತ್ತಿನಿಂದ ನಾನು ನಡೆಯುವುದು ಕಡಿಮೆ. ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರಿ. ಮೊಲೆಮ್‌ನಿಂದ ಸುಮಾರು 12 ಕಿ.ಮೀ. ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಸಾಕು, ಅದಕ್ಕಿಂತ ಜಾಸ್ತಿ ಪವರಿನದ್ದು ವಯಸ್ಸಾದವರ ಕೈಯಲ್ಲಿ ನಡುಗುತ್ತದೆ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನೂ ಕೂಗುತ್ತದೆ. ಕಣ್ಣಿಂದ ನೋಡಿದ್ದನ್ನು ಮಾತ್ರ ಬರೆದುಕೊಳ್ಳಿ.

*

ಕೂರಿಸಿ ಅಂದದ್ದು ಸರಿ, ಆದರೆ ತರಗೆಲೆ ಮೇಲೆ ಬೇಡವೇ ಬೇಡ. ಮಡಚುವ ಕುರ್ಚಿ ಒಯ್ಯಿರಿ. ಫೆಬ್ರವರಿಯಲ್ಲಿ ಜಿಗಣೆ ಇರುವುದಿಲ್ಲ, ರಕ್ತ ಹೀರುವ ಉಣ್ಣೆ ಹುಳ ಇರುತ್ತದೆ, ಅದು ಕಚ್ಚಿದರೆ ಮಂಗನ ಕಾಯಿಲೆ ಎಂಬ ಜ್ವರ ಬರಬಹುದು. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಈ ಕಾಯಿಲೆ 2015ರಲ್ಲಿ ಇಲ್ಲೇ ಪಕ್ಕದ ಸತ್ತರಿ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿತು, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಹೆದರಿ ಮನೆಯಲ್ಲೇ ಕೂರಬೇಕಿಲ್ಲ. ತಿಳಿ ಬಣ್ಣದ ಪೂರ್ತಿ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಅಪ್ಪನಿಗೆ ಸ್ನಾನ ಮಾಡಿಸಿ, ಮಂಡಿ ಹಿಂದೆ, ಕಿವಿ ಹಿಂದೆ ನೋಡಿ. ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.

*

ನೀವು ಕೇಳಿದ್ದು ಮಂಗಟ್ಟೆ ಬಗ್ಗೆ. ಅದಕ್ಕೆ ದಾರಿಗಿಂತ ಮರ ಮುಖ್ಯ. ಆಲ, ಬಸರಿ, ಅತ್ತಿ, ಯಾವುದು ಹಣ್ಣು ಬಿಟ್ಟಿದೆ ಅಂತ ಮೊಲೆಮ್ ಕಡೆಯ ಚಹಾ ಅಂಗಡಿಯಲ್ಲಿ ಹಿಂದಿನ ದಿನವೇ ವಿಚಾರಿಸಿ. ಆ ಮರ ರಸ್ತೆ ಬದಿಗೇ ಇದ್ದರೆ ಕಾರಿನಲ್ಲೇ ಕೂತು ನೋಡಬಹುದು. ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಅಪ್ಪನಿಗೆ ಅದನ್ನು ಹೇಳಿಟ್ಟಿರಿ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಫೆಬ್ರವರಿ ಅವು ಗೂಡು ಮಾಡುವ ಕಾಲ. ಹೆಣ್ಣು ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡಿರುತ್ತದೆ, ಗಂಡು ತರುವುದೇ ಅದಕ್ಕೂ ಮರಿಗೂ ಊಟ. ಯಾರಾದರೂ ಗೂಡು ತೋರಿಸುತ್ತೇನೆ ಅಂದರೆ ಬೇಡ ಅನ್ನಿ. ಕೆಳಗೆ ನಾವು ನಿಂತಿದ್ದರೆ ಗಂಡು ಹತ್ತಿರ ಬರದೆ ದೂರದಲ್ಲೇ ಕಾಯುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ.

ಆ ದಿನ ಏನೂ ಕಾಣದಿದ್ದರೆ ಬೋಂಡ್ಲಾ ಅಭಯಾರಣ್ಯದ ಕಡೆಯೂ ಹೋಗಿ ಬನ್ನಿ, ರಜೆ ಇರುವ ಗುರುವಾರ ಬಿಟ್ಟು.