ಡ್ರೋನಿನ ಒಂದು ಮೋಟರ್ ನಡುಗಿ ನಿಲ್ಲುತ್ತದೆ: ಮೋಟರೋ, ಇಎಸ್‌ಸಿಯೋ?

ಪೆರ್ಲ ತೋಟ:
ಎಫ್450 ಫ್ರೇಮ್, 2212 ಸೈಜಿನ 920 ಕೆವಿ (ವೋಲ್ಟಿಗೆ ನಿಮಿಷಕ್ಕೆ 920 ಸುತ್ತು) ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 3ಎಸ್ (ಮೂರು ಸೆಲ್ಲಿನ) 5000 ಎಂಎಎಚ್ ಲಿಪೊ ಬ್ಯಾಟರಿ, ಪಿಕ್ಸ್‌ಹಾಕ್ (ಹಾರಾಟ ನಿಯಂತ್ರಿಸುವ ಬೋರ್ಡ್). ಅಡಿಕೆ ಮರದ ಮಂಡೆಯ ಫೋಟೊ ತೆಗೆಯಲಿಕ್ಕೆ ಇರುವುದು. ಎದುರಿನ ಎಡಗಡೆ ಮೋಟರ್ ಥ್ರಾಟಲ್ ಕೊಟ್ಟರೆ ತಿರುಗದೆ ಆಚೀಚೆ ನಡುಗುತ್ತದೆ, ಕೆಲವೊಮ್ಮೆ ಸರಿಯಾಗಿ ಹೊರಟು ಥಟ್ಟನೆ ನಿಲ್ಲುತ್ತದೆ. ಉಳಿದ ಮೂರೂ ಸರಿ ಇವೆ. ಮಲ್ಟಿಮೀಟರಿನಲ್ಲಿ ಮೋಟರಿನ ಮೂರು ವಯರಿಗೂ ಬೀಪ್ ಬರುತ್ತದೆ. ಹಾಗಾದರೆ ಇಎಸ್‌ಸಿ ಹೋಗಿದೆ ಎಂದಲ್ಲವೇ? ಹೊಸತು ತರಿಸಲೇ?

ಬದಿಯಡ್ಕ:
ತರಿಸಬೇಡಿ, ಮೊದಲು ಅದಲುಬದಲು ಮಾಡಿ ನೋಡಿ. ನಾಲ್ಕೂ ಪ್ರೊಪೆಲ್ಲರ್ ಬಿಚ್ಚಿ ಬದಿಗಿಡಿ. ಇದನ್ನು ಬಿಟ್ಟು ಮುಂದಿನ ಯಾವ ಹೆಜ್ಜೆಗೂ ಹೋಗಬಾರದು.

ಬ್ಯಾಟರಿ ಇಲ್ಲದೆ ಆ ಮೋಟರನ್ನು ಕೈಯಲ್ಲಿ ತಿರುಗಿಸಿ. ಉಳಿದವುಗಳಿಗಿಂತ ಬಿಗಿಯಾಗಿದ್ದರೆ ಬುಲೆಟ್ ಕನೆಕ್ಟರ್ (ಮೋಟರಿನ ವಯರನ್ನು ಇಎಸ್‌ಸಿಗೆ ಸೇರಿಸುವ ಲೋಹದ ಪಿನ್) ಮೂರನ್ನೂ ಕಳಚಿ ಮತ್ತೆ ತಿರುಗಿಸಿ. ಕಳಚಿದ ಮೇಲೆ ಹಗುರವಾದರೆ ಇಎಸ್‌ಸಿಯ ಮಾಸ್ಫೆಟ್ (ಕರೆಂಟನ್ನು ಬಿಟ್ಟು ನಿಲ್ಲಿಸುವ ಬಿಡಿಭಾಗ) ಶಾರ್ಟ್. ಕಳಚಿದರೂ ಬಿಗಿಯೇ ಎಂದಾದರೆ ವೈಂಡಿಂಗ್ (ಮೋಟರಿನೊಳಗಿನ ತಂತಿ ಸುರುಳಿ) ಶಾರ್ಟ್ ಅಥವಾ ಬೇರಿಂಗ್.

ಎರಡೂ ಅಲ್ಲವಾದರೆ ಎದುರಿನ ಎಡ ಮತ್ತು ಹಿಂದಿನ ಎಡ ಮೋಟರುಗಳ ವಯರ್ ಅದಲುಬದಲು ಮಾಡಿ. ನಡುಕ ಮೋಟರಿನ ಜೊತೆಗೇ ಹೋದರೆ ತಪ್ಪು ಮೋಟರಿನದ್ದು. ಇಎಸ್‌ಸಿಯ ಬದಿಯಲ್ಲೇ ಉಳಿದು ಹಿಂದಿನ ಒಳ್ಳೆಯ ಮೋಟರೂ ನಡುಗತೊಡಗಿದರೆ ಇಎಸ್‌ಸಿಯನ್ನು ಸಂಶಯಿಸಿ. ಆಗಲೂ ಪಿಕ್ಸ್‌ಹಾಕಿನಲ್ಲಿ ಸಿಗ್ನಲ್ ವಯರ್ ಬದಲಿಸಿ ನೋಡದೆ ದುಡ್ಡು ಹಾಕಬೇಡಿ.

ಕುಂಬಳೆ ವೈಂಡಿಂಗ್:
ಬೀಪ್ ಬಂತು ಎಂದರೆ ಮೋಟರ್ ಸರಿ ಎಂದು ಅರ್ಥವಲ್ಲ ಮಾರಾಯ್ರೆ. ಹತ್ತಿಪ್ಪತ್ತು ಓಂ ಇದ್ದರೂ ಮೀಟರ್ ಬೀಪ್ ಎನ್ನುತ್ತದೆ. ಈ ಸೈಜಿನ ಮೋಟರಿನ ಎರಡು ವಯರ್ ಮಧ್ಯೆ ಇರಬೇಕಾದದ್ದು 0.1 ಓಂ ಆಸುಪಾಸು. ಎಲ್ಲೋ ಒಂದು ಜೋಡಣೆಯಲ್ಲಿ 1 ಓಂ ಸೇರಿಕೊಂಡರೆ 10 ಆಂಪಿಯರಿಗೆ 10 ವೋಲ್ಟ್ ಅಲ್ಲೇ ಖರ್ಚು. ನಿಮ್ಮ ಬ್ಯಾಟರಿಯದ್ದೇ ಒಟ್ಟು 11.1. ಹಾಗಾಗಿ ಒಂದು ಫೇಸ್‌ಗೆ ಬಲವೇ ಇರುವುದಿಲ್ಲ, ಮೋಟರ್ ನಡುಗುತ್ತದೆ.

ಓಂ ರೇಂಜಿನಲ್ಲೂ ಇದು ಸಿಗದು, ಮೀಟರಿನ ಪಿನ್ನುಗಳದ್ದೇ 0.2, 0.3 ಇರುತ್ತದೆ. ಹೀಗೆ ಅಳೆಯಿರಿ: ಬೈಕಿನ ಅಂಗಡಿಯಿಂದ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ತನ್ನಿ. ಮೋಟರನ್ನು ಇಎಸ್‌ಸಿಯಿಂದ ಪೂರ್ತಿ ಕಳಚಿ. ಬ್ಯಾಟರಿ ಪ್ಲಸ್, ಬಲ್ಬ್, ಮೋಟರಿನ ಒಂದು ವಯರ್, ಇನ್ನೊಂದು ವಯರ್, ಬ್ಯಾಟರಿ ಮೈನಸ್, ಹೀಗೆ ಸಾಲಾಗಿ ಜೋಡಿಸಿದರೆ 1.7 ಆಂಪಿಯರಿನಷ್ಟು ಹರಿಯುತ್ತದೆ. ಬಲ್ಬ್ ಕರೆಂಟನ್ನು ಹಿಡಿದಿಡುವುದರಿಂದ ಲಿಪೊಗೆ ಅಪಾಯವಿಲ್ಲ. ಕ್ಲಿಪ್ ಕಚ್ಚಿಸಿದ ಜಾಗದ ಮೇಲಲ್ಲ, ಬುಲೆಟ್‌ನ ಲೋಹಕ್ಕೇ ಮೀಟರ್ ಪಿನ್ ಒತ್ತಿ ಮಿಲಿವೋಲ್ಟ್ ಓದಿ. ನಾಲ್ಕೈದು ಸೆಕೆಂಡ್ ಸಾಕು. ಮೂರು ಜೋಡಿಯಲ್ಲೂ ಹೀಗೇ ಮಾಡಿ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಮೂರೂ ಒಂದೇ ಇದೆಯೇ ಎಂಬುದು ಮುಖ್ಯ. ಎರಡು ಜೋಡಿ ಜಾಸ್ತಿ ತೋರಿಸಿ ಒಂದು ಕಡಿಮೆ ಇದ್ದರೆ, ಆ ಎರಡರಲ್ಲೂ ಇರುವ ವಯರೇ ಕಳ್ಳ.

ಪೆರ್ಲ ತೋಟ:
ನಡುಕ ಮೋಟರಿನ ಜೊತೆಗೇ ಹೋಯಿತು. ಬಲ್ಬ್ ಪರೀಕ್ಷೆಯಲ್ಲಿ ಎಡ-ನಡು 180 ಮಿಲಿವೋಲ್ಟ್, ಎಡ-ಬಲ 610, ನಡು-ಬಲ 600. ಬಲಗಡೆ ವಯರನ್ನು ಅಲುಗಾಡಿಸಿದರೆ ಅಂಕಿ ಕುಣಿಯುತ್ತದೆ.

ಕುಂಬಳೆ ವೈಂಡಿಂಗ್:
ಅಲುಗಾಡಿಸಿದಾಗ ಬದಲಾಗುತ್ತದೆ ಎಂದರೆ ವೈಂಡಿಂಗ್ ಸುಟ್ಟದ್ದಲ್ಲ, ಜೋಡಣೆ ಸಡಿಲ. ಆ ಬುಲೆಟ್‌ನ ಮೇಲಿನ ಸ್ಲೀವ್ ಕತ್ತರಿಸಿ ನೋಡಿ, ಬೆಸುಗೆ ಮಂಕಾಗಿ ಬಿರುಕುಬಿಟ್ಟಿರಬಹುದು. ಕೆಲವು ಮೋಟರುಗಳಲ್ಲಿ ಹೊರಬರುವುದು ವೈಂಡಿಂಗಿನ ತಂತಿಯೇ, ಎಳೆ ಎಳೆಗೂ ಎನಾಮಲ್ ಇರುತ್ತದೆ. ಅದನ್ನು ಕೆರೆಯದೆ ಬೆಸೆದರೆ ಮೇಲ್ನೋಟಕ್ಕೆ ಹೊಳೆಯುತ್ತದೆ, ಒಳಗೆ ಎರಡೋ ಮೂರೋ ಎಳೆ ಮಾತ್ರ ಹಿಡಿದಿರುತ್ತದೆ. ಬ್ಲೇಡಿನಿಂದ ಎಳೆಗಳನ್ನು ಸುತ್ತಲೂ ಕೆರೆದು ತಾಮ್ರದ ಬಣ್ಣ ಕಾಣಿಸಿ, ಫ್ಲಕ್ಸ್ ಹಚ್ಚಿ, 60 ವ್ಯಾಟ್ ಐರನ್‌ನಲ್ಲಿ ಮೊದಲು ತಂತಿಗೆ ಸೀಸ ಹಿಡಿಸಿ. ಆಮೇಲೆ ಬುಲೆಟ್‌ನ ಬಟ್ಟಲಿಗೆ ಸೀಸ ತುಂಬಿ ಬಿಸಿಯಿರುವಾಗಲೇ ಇಳಿಸಿ. 25 ವ್ಯಾಟ್ ಐರನ್ ಈ ಕೆಲಸಕ್ಕೆ ಸಾಲದು.

ಮುಳ್ಳೇರಿಯ:
ಬುಲೆಟ್ ಮೇಲೆ ಹಸಿರು ಹಿಡಿದಿದೆಯೇ ಅದನ್ನೂ ನೋಡಿ. ಬೋರ್ಡೋ ಮದ್ದು ಬಿಟ್ಟ ತೋಟದಲ್ಲಿ ಮರದಿಂದ ಹನಿ ಬೀಳುವಾಗ ಹಾರಿಸಿದರೆ ಮೈಲುತುತ್ತಿನ ನೀರು ಕನೆಕ್ಟರ್ ಒಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು ಒಣಗಿಸಿ. ಹಸಿರು ಹೋಗದಿದ್ದರೆ ಬುಲೆಟನ್ನೇ ಬದಲಿಸಿ.

ಮೋಟರ್ ಬಿಚ್ಚಿದ್ದರೆ ಮರಳಿ ಹಾಕುವಾಗ ಹಳೆಯ ಸ್ಕ್ರೂವನ್ನೇ ಹಾಕಿ. ಉದ್ದದ ಎಂ3 ಸ್ಕ್ರೂ ತಳದಿಂದ ಮೇಲೆ ಬಂದು ವೈಂಡಿಂಗನ್ನು ಕೆರೆಯುತ್ತದೆ. ಬಿಗಿ ಮಾಡಿದ ಮೇಲೆ ಒಂದೊಂದು ವಯರಿನಿಂದ ಮೋಟರಿನ ಲೋಹದ ಮೈಗೆ ಮೀಟರ್ ಇಟ್ಟು ನೋಡಿ. ಇಲ್ಲಿ ಬೀಪ್ ಬರಲೇಬಾರದು.

ಬದಿಯಡ್ಕ:
ಬೆಸುಗೆ ಆದ ಮೇಲೆ ಬಲ್ಬ್ ಪರೀಕ್ಷೆ ಇನ್ನೊಮ್ಮೆ. ಮೂರೂ ಸಮ ಬಂದರೆ ವಯರುಗಳನ್ನು ಅವುಗಳ ಇಎಸ್‌ಸಿಗೆ ಮರಳಿ ಜೋಡಿಸಿ, ಪ್ರೊಪೆಲ್ಲರ್ ಇಲ್ಲದೆಯೇ ಮಿಷನ್ ಪ್ಲಾನರಿನ (ಪಿಕ್ಸ್‌ಹಾಕನ್ನು ಹೊಂದಿಸುವ ಕಂಪ್ಯೂಟರ್ ಸಾಫ್ಟ್‌ವೇರ್) ಮೋಟರ್ ಟೆಸ್ಟ್ ಮಾಡಿ. ಅಲ್ಲಿ 'ಎ' ಅಂದರೆ ಎದುರಿನ ಬಲ, ಅಲ್ಲಿಂದ ಪ್ರದಕ್ಷಿಣೆಯಾಗಿ ಬಿ, ಸಿ, ಡಿ. ನಿಮ್ಮದು 'ಡಿ'. ಎಕ್ಸ್ ಫ್ರೇಮಿನಲ್ಲಿ ಅದು ಮೇಲಿನಿಂದ ನೋಡಿದಾಗ ಪ್ರದಕ್ಷಿಣೆಯಾಗಿ ತಿರುಗಬೇಕು. ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವಯರ್ ಅದಲುಬದಲು ಮಾಡಿ, ಆಮೇಲೆಯೇ ಪ್ರೊಪೆಲ್ಲರ್ ಹಾಕಿ.